ನಿಯಮ ನಾಲ್ಕು, ಉಪನಿಯಮ ಖ

ಮುದಗಾದ ಶೆಡ್ಡಿನಿಂದ ಇದು ನಲವತ್ತೊಂದನೆಯ ಅರ್ಜಿ.
ಗುಲಾಬಿ ಕೋಂ ಸೋಮಾ ಹರಿಕಾಂತ್ರ.
ಉದ್ಯೋಗ ಎಂಬಲ್ಲಿ ಯಾರೋ ಪೆನ್ಸಿಲಿನಲ್ಲಿ
'ಶೆಟ್ಲಿ ಸುಲಿಯೂದು' ಎಂದು ಬರೆದುಕೊಟ್ಟಿದ್ದಾರೆ.
ಅದನ್ನು ಅಳಿಸಿ
'ಸಾಗರೋತ್ಪನ್ನ ಸಂಸ್ಕರಣೆ' ಎಂದು ಶಾಯಿಯಲ್ಲಿ ತಿದ್ದಿದೆ.
ಅಷ್ಟು ಉಪಕಾರ ನನ್ನ ಅಧಿಕಾರದೊಳಗಿದೆ.

ನೆರವು ಯಾರಿಗೆ?
ಪರದೇಶದ ಸುಂಕದಿಂದ ನೇರವಾಗಿ ಕೆಲಸ ಕಳಕೊಂಡವರಿಗೆ.
ನೇರ ಅಂದರೆ ಏನೆಂದು ತಿಳಿಸಲು
ಒಂದು ಸುತ್ತೋಲೆ ಬಂದಿದೆ,
ಸುತ್ತೋಲೆಗೊಂದು ತಿದ್ದುಪಡಿ.

ಸುಲಿದವಳು ನೇರ.
ಬರ್ಫ ಒಡೆದು ಹೊತ್ತ ಜೂಜೆ ನೇರವಲ್ಲ,
ಬರ್ಫದ ಕಾರ್ಖಾನೆ ಬೇರೆ ಸರ್ವೆ ನಂಬರಿನಲ್ಲಿದೆ.
ನಸುಕಿನ ನಾಲ್ಕಕ್ಕೆ ಹೆಂಗಸರನ್ನು ತುಂಬಿ ತರುತ್ತಿದ್ದ
ಟೆಂಪೋದವನು ನೇರವಲ್ಲ.
ಸಿಪ್ಪೆ ಒಣಗಿಸಿ ಗೊಬ್ಬರಕ್ಕೆ ಮಾರುತ್ತಿದ್ದ
ಅಮದಳ್ಳಿಯ ಬುದ್ಯಜ್ಜಿ
ಯಾವ ಕಾಲಮ್ಮಿನಲ್ಲೂ ಹಿಡಿಸಲಿಲ್ಲ.

ಸುಲಿದವಳಾದರೂ ಸುಮ್ಮನೆ ನೇರವಾಗುವುದಿಲ್ಲ.
ಹನ್ನೆರಡು ತಿಂಗಳಲ್ಲಿ ಇನ್ನೂರ ನಲವತ್ತು ದಿನ ತುಂಬಬೇಕು.
'ಎಷ್ಟು ದಿನ ಹೋಗಿದ್ರಿ?'
'ದೋಣಿ ಬಂದ ದಿನ ಎಲ್ಲಾ.'
'ದೋಣಿ ಎಷ್ಟು ದಿನ ಬಂತು?'
ಗುಲಾಬಿ ಬೆರಳು ಮಡಿಚುತ್ತ ಹೋದಳು:
ಸರಕಾರವೇ ಬಲೆ ಮುಟ್ಟಬೇಡಿ ಅಂದ ಅರವತ್ತೊಂದು ದಿನ ಬಿಟ್ಟು,
ಗಾಳಿ ಎದ್ದ ದಿನ ಬಿಟ್ಟು,
ಬರೀ ಬಂಗಡೆ ಬಿದ್ದ ವಾರ ಬಿಟ್ಟು,
ಮಗಳು ಹೆತ್ತ ಹನ್ನೊಂದು ದಿನ ಬಿಟ್ಟು...
'ನೀವೇ ಬರಕೊಳ್ಳಿ. ಸಮುದ್ರಕ್ಕೆ ಗೊತ್ತದೆ.'

ಸಮುದ್ರದ ಹಾಜರಿ ಪುಸ್ತಕ
ನಮ್ಮ ಕಚೇರಿಗೆ ಬರುವುದಿಲ್ಲ.

ಸಂಬಳದ ಚೀಟಿ?
ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದಳು
ಹಸಿರು ಪ್ಲಾಸ್ಟಿಕ್ಕಿನ ಬಿಲ್ಲೆಗಳು, ನಡುವೆ ತೂತು.
ಕಿಲೋಗೊಂದು.
ಹದಿನೇಳು ರೂಪಾಯಿಯಂತೆ ಬದಲಿಸಿಕೊಳ್ಳುವ ಶನಿವಾರ
ಶೆಡ್ಡಿಗೆ ಬೀಗ ಬಿದ್ದಿತ್ತು.
ಒಂದು ಬಿಲ್ಲೆ ಉರುಳಿ ಸಾಹೇಬರ ಬಾಗಿಲ ತನಕ ಹೋಗಿ
ಅಲ್ಲೇ ಸುತ್ತಿ ಬಿತ್ತು.
ಎದ್ದು ಹೆಕ್ಕಿ ತಂದೆ.
ಎಂಬತ್ತಾರು.
ಲಗತ್ತು ಎನ್ನೋಣವೆಂದರೆ ಸಹಿ ಇಲ್ಲ, ತಾರೀಕು ಇಲ್ಲ.
ವಾಸನೆ ಇದೆ.

ಮಾಲೀಕನ ದೃಢೀಕರಣ ಎಂಬ ಪುಟ ಖಾಲಿ.
ಅವನ ಫೋನು ಮಲಯಾಳದಲ್ಲಿ ಏನೋ ಹೇಳಿ
ತಾನಾಗಿ ಕಡಿದುಕೊಳ್ಳುತ್ತದೆ.

ಉಳಿದದ್ದು ಹೆಬ್ಬೆಟ್ಟು.
ಕೆಂಪು ದೀಪ.
ಒರೆಸಿ, ಇನ್ನೊಮ್ಮೆ. ಎಡದ್ದು. ತೋರುಬೆರಳು. ಕಿರುಬೆರಳು.
'ಗೆರೆನೇ ಇಲ್ಲ ಅಂತದೆ ಸಾರ್,' ಎಂದ ಯಂತ್ರದ ಹುಡುಗ.
ಹತ್ತೊಂಬತ್ತು ವರ್ಷ ಬರ್ಫದ ನೀರಲ್ಲಿ, ಸಿಪ್ಪೆಯ ಗರಗಸದಲ್ಲಿ
ತೇದು ತೇದು
ಹೊಳೆಗಲ್ಲಿನಂತೆ ನುಣುಪಾದ ತುದಿಗಳು.
ಅವಳು ಅಲ್ಲಿ ಕೆಲಸ ಮಾಡಿದ್ದಳೆಂಬುದಕ್ಕೆ
ಇಡೀ ಕಡತದಲ್ಲಿ ಇದ್ದ ದಾಖಲೆ ಅದೊಂದೇ.
ಯಂತ್ರ ಅದನ್ನು ಓದಿ
'ವ್ಯಕ್ತಿ ತಾಳೆಯಾಗಿಲ್ಲ' ಎಂದು ತೋರಿಸಿತು.

ಬಿಲ್ಲೆಗಳನ್ನು ಮತ್ತೆ ಗಂಟು ಕಟ್ಟುತ್ತ ಕೇಳಿದಳು,
'ಆ ದೇಶ ಎಲ್ಲದೆ?'
ಕಿಟಕಿಯತ್ತ ಕೈ ಮಾಡಿದೆ.
ದೇವಗಡದ ದೀಪಸ್ತಂಭ, ಅದರಾಚೆ ಬಿಳಿ ಬಿಸಿಲು.
'ಅಲ್ಲಿಂದ ನೇರಾ?'
'ನೇರ ಅಲ್ಲ. ನಡುವೆ ಆಫ್ರಿಕ ಅಡ್ಡ ಬರ್ತದೆ.'
ತಲೆಯಾಡಿಸಿದಳು, ಬಸ್ಸಿನ ದಾರಿ ಕೇಳಿದವಳಂತೆ.
ಬಾಗಿಲಲ್ಲಿ ತಿರುಗಿ ನಿಂತಳು.
'ನಾವು ಸುಲಿದದ್ದು ಅವ್ರಿಗೆ ರುಚಿ ಆಗ್ಲಿಲ್ವಾ?'

ಇದಕ್ಕೆ ಉಪನಿಯಮ ಇಲ್ಲ.

ಸಂಜೆ ಕಾರವಾರದ ಮೀನುಪೇಟೆಯಲ್ಲಿ
ಗೇಣುದ್ದದ ಶೆಟ್ಲಿ, ಬುಟ್ಟಿ ಬುಟ್ಟಿ, ಅರ್ಧ ಬೆಲೆಗೆ.
ಇಷ್ಟು ದಿನ ಈ ಊರಿನವರು ಕಣ್ಣಲ್ಲಿ ಕಾಣದ ಮಾಲು.
ನಾನೂ ಕೊಂಡೆ. ಸುಲಿಯಲು ನಾನೇ ಕೂತೆ.
ತಲೆ ಮುರಿ, ಕಾಲು ಕೀಳು, ಬೆನ್ನು ಸೀಳಿ ಕರಿ ನರ ಎಳೆ.
ಮೂರನೆಯದಕ್ಕೇ ಮುಳ್ಳು ಹೆಬ್ಬೆರಳು ಹೊಕ್ಕಿತು.
ಅರ್ಧ ಕಿಲೋ, ನಲವತ್ತು ನಿಮಿಷ.
ಅರ್ಧ ಬಿಲ್ಲೆ.
ಹೆಂಡತಿ ಒಳಗಿಂದ ಕೂಗಿದಳು,
ಹುಳಿಗೆ ಮುರುಗಲು ಹಾಕೂದಾ, ಅಂಬಟೆಯಾ?

ಹಿಂಬರಹ ಇನ್ನೂ ಬರೆದಿಲ್ಲ.